ನೂರನಲವತ್ತೆರಡರ ಜೆಟ್

ಬಿಳಿ, ಸ್ಪಾರ್ಕ್ ಪ್ಲಗ್ಗಿನ ಮೂತಿ ಸುಣ್ಣದ ಹಾಗೆ ಬಿಳಿ, ಬಿಸ್ಕತ್ತಿನ ಬಣ್ಣ ಇರಬೇಕಿತ್ತು, ಅಭ್ಯಾಸದ ಸುತ್ತು ಮುಗಿಸಿ ಮಗಳು ಈಗಷ್ಟೇ ತಂದು ನಿಲ್ಲಿಸಿದ ರೇಸಿನ ಕಾರ್ಟ್, ಬೆಳಿಗ್ಗೆ ನಾನು ಹಾಕಿದ್ದು ನೂರನಲವತ್ತೆಂಟರ ಜೆಟ್, ಪೆಟ್ರೋಲನ್ನು ಅಳೆದು ಬಿಡುವ ತೂತಿನ ಹಿತ್ತಾಳೆ ತಿರುಪು, ಅದರಲ್ಲಿ ಪ್ಲಗ್ ಹೀಗೆ ಬೇಯುವುದಿಲ್ಲ — ಕಾರ್ಬ್ಯುರೇಟರ್ ಬಿಚ್ಚಿದರೆ ಒಳಗೆ ನೂರನಲವತ್ತೆರಡು, ಯಾರೋ ಸಣ್ಣ ತೂತಿನದನ್ನು ಕೂರಿಸಿದ್ದಾರೆ, ಯಾರೋ ಏನು ಯಾರೋ, ತಮ್ಮನೇ, ಹೋದ ವರ್ಷ ನನ್ನ ಶೆಡ್ಡು ಬಿಟ್ಟು ಎದುರಾಳಿ ತಂಡ ಸೇರಿದವನು ಈವತ್ತು ಬೆಳಿಗ್ಗೆ ಯಾಕೆ ಬಂದ, ಒಂದು ಸ್ಪ್ಯಾನರ್ ಬೇಕಿತ್ತಣ್ಣ ಅಂತ, ಅವರಲ್ಲಿ ಸ್ಪ್ಯಾನರಿಗೆ ಬರವೇ, ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಓಡಿಸುವ ಎಂಜಿನ್ ಇದು, ತೂತು ಸಣ್ಣದಾದರೆ ಓಟವೇನೋ ಚುರುಕು, ಆದರೆ ಆಯಿಲೂ ಕಮ್ಮಿ, ಕಾದು ಕಾದು ಪಿಸ್ಟನ್ ಕಚ್ಚಿಕೊಂಡರೆ ಹಿಂದಿನ ಚಕ್ರ ಎರಡೂ ಗಕ್ಕನೆ ನಿಲ್ಲುತ್ತವೆ, ನೂರರ ವೇಗದಲ್ಲಿ, ಒಳಗೆ ಕೂತಿರುವವಳು ಅವನೇ ಎತ್ತಿ ಆಡಿಸಿದ ಹುಡುಗಿ, ಇವನಿಗೆ ಕರುಳು ಅನ್ನುವುದೇ ಇಲ್ಲವೇ. ಹೋಗಿ ಕೇಳಿದೆ, ಕೇಳಿದ್ದೇನು ಬಂತು, ಕೊರಳಪಟ್ಟಿಗೇ ಕೈ ಹಾಕಿದೆ, ಅವರ ತಂಡದವರೆಲ್ಲ ನೋಡುತ್ತಿದ್ದರು, ಅವನು ಬಿಡಿಸಿಕೊಳ್ಳಲೂ ಇಲ್ಲ, ಅಣ್ಣ ನಾನು ನಿನ್ನ ಎಂಜಿನ್ ಮುಟ್ಟಿಲ್ಲ, ಮುಟ್ಟಿದ್ರೆ ನಿಂಗೇ ಗೊತ್ತಾಗ್ತಿತ್ತು ಅಂದ, ಮಾತು ಮಾತ್ರ ಬೆಣ್ಣೆ. ವಾಪಸ್ ಬಂದು ನಲವತ್ತೆಂಟನ್ನು ಕೈಯಾರೆ ಬಿಗಿದೆ, ಕಿಡಿಯ ಟೈಮಿಂಗೂ ನೋಡಿದೆ, ಇಗ್ನಿಷನ್ ತಟ್ಟೆಯ ಸ್ಕ್ರೂಗಳ ಮೇಲೆ ಹೆಂಡತಿಯ ಉಗುರುಬಣ್ಣದಿಂದ ಗೀಟು ಎಳೆದಿರುತ್ತೇನೆ, ಯಾರು ತಿರುಗಿಸಿದರೂ ಗೀಟು ಒಡೆಯಬೇಕು, ಒಡೆದಿಲ್ಲ — ಇದೇ ತಾಳೆಯಾಗುತ್ತಿಲ್ಲ, ತಮ್ಮ ಯಾವ ಎಂಜಿನ್ ಮುಟ್ಟಿದರೂ ಮೊದಲು ಕೈ ಹಾಕುವುದು ಟೈಮಿಂಗಿಗೆ, ಕಿಡಿ ಕೂದಲೆಳೆಯಷ್ಟು ಮುಂಚೆ ಹಾರಬೇಕು, ಅದು ಅವನ ಚಟ, ಅದನ್ನು ಬಿಟ್ಟು ಬರೀ ಜೆಟ್, ಜೆಟ್ಟಷ್ಟೇ ಗೊತ್ತಿರುವವರು ಯಾರು.

ಬಾವುಟ ಬಿತ್ತು, ಹೊರಟರು, ಮಗಳ ಎಂಜಿನ್ — ಇದು ನಲವತ್ತೆಂಟರ ಸದ್ದಲ್ಲ, ತೆಳ್ಳಗೆ, ತಗಡು ಕೊಯ್ದ ಹಾಗೆ, ಜೆಟ್ಟಿನ ಡಬ್ಬಿ ತೆಗೆಯುತ್ತೇನೆ, ನಲವತ್ತೆಂಟು ಅದರ ಗುಳಿಯಲ್ಲಿ ಇನ್ನೂ ಪೆಟ್ರೋಲಿನಿಂದ ಒದ್ದೆಯಾಗಿ ಕೂತಿದೆ, ನಲವತ್ತೆರಡರ ಗುಳಿ ಖಾಲಿ, ನಾನು ಟೈರಿನ ಪಂಪ್ ತರಲು ಹೋದಾಗ ಕಾರ್ಟಿನ ಹತ್ತಿರ ಇದ್ದವಳು ಅವಳೊಬ್ಬಳೇ, ಅಪ್ಪಾ ನೀನು ಯಾವಾಗ್ಲೂ ಪುಕ್ಕಲು ಜೆಟ್ಟೇ ಹಾಕ್ತೀಯ ಅಂದಿದ್ದಳಲ್ಲ ಮೊನ್ನೆ, ನಕ್ಕುಬಿಟ್ಟಿದ್ದೆ, ಜೆಟ್ ಬದಲಿಸಲು ಕಲಿಸಿದವನೂ ನಾನೇ, ಅಯ್ಯೋ ಪೆದ್ದೇ, ತಮ್ಮ ಹೇಳಿದ್ದು ನಿಜ, ಈ ಮುಖ ಅವನಿಗೆ ಹೇಗೆ ತೋರಿಸಲಿ — ನೇರ ದಾರಿಯ ಕೊನೆ, ತಿರುವಿಗೆ ಮುಂಚೆ ಅವಳ ಬಲಗೈ ಸ್ಟೀರಿಂಗ್ ಬಿಟ್ಟು ಹಿಂದೆ ಹೋಯಿತು, ಎಂಜಿನ್ ಗಾಳಿ ಎಳೆಯುವ ಬಾಯನ್ನು ಅಂಗೈಯಿಂದ ಮುಚ್ಚಿತು, ಗಾಳಿ ತಡೆದರೆ ಪೆಟ್ರೋಲ್ ಜಾಸ್ತಿ ನುಗ್ಗುತ್ತದೆ, ಪಿಸ್ಟನ್ ತಣಿಯುತ್ತದೆ, ಇದು ತಮ್ಮನ ವಿದ್ಯೆ, ಒಂಟಿಕೈ ಬೇಡ ಅಂತ ನಾನು ಕಲಿಸದೆ ಬಿಟ್ಟದ್ದು, ಹಾಗಾದರೆ ಅವನ ಹತ್ತಿರ ಹೋಗಿ ಕಲಿತಳೇ, ಯಾವಾಗ, ಇಬ್ಬರೂ ಸೇರಿ ನನ್ನ ಕಣ್ಣಿಗೆ ಮಣ್ಣೆರಚಿದರೇ — ಎರಡನೇ ಸುತ್ತು, ಕೈ ಹೋಯಿತು, ಮೂರನೇದು, ಹೋಯಿತು, ಸದ್ಯ, ಬೇಲಿಯ ಆಚೆ ತಮ್ಮನೂ ಆ ಕೈಯನ್ನೇ ನೋಡುತ್ತಿದ್ದಾನೆ, ಕೊನೆಯ ಸುತ್ತು, ಪಕ್ಕದಲ್ಲಿ ಇನ್ನೊಂದು ಕಾರ್ಟ್ ಅಂಟಿಕೊಂಡೇ ಬರುತ್ತಿದೆ, ತಿರುವು ಬಂತು, ಕೈ ಎತ್ತು ಮಗಳೇ, ನಾನೇ ಹೇಳ್ತಿದೀನಿ, ಎತ್ತು, ಸದ್ದು ಇನ್ನೂ ತೆಳ್ಳಗೆ, ಎತ್ತು, ಎರಡು ಕೈಯೂ ಸ್ಟೀರಿಂಗ್ ಮೇಲೆ, ಎರಡು ಕೈಯೂ