ಅರ್ಧದಲ್ಲಿ ಅರ್ಧ

ಗಂಟಲಿನ ಗ್ರಂಥಿಯ ಕಾಯಿಲೆಗೆ ವಿಕಿರಣ ಸೂಸುವ ಅಯೋಡಿನ್ ಮಾತ್ರೆ ನುಂಗಿ ಬಂದ ಅಕ್ಕ ಹಿಂದಿನ ಕೋಣೆ ಸೇರಿದಳು. ಅವಳ ಹತ್ತು ತಿಂಗಳ ಮಗು ತಂಗಿಯಾದ ನನ್ನ ಕಂಕುಳಿಗೆ ಬಂತು. ಎಂಟು ದಿನಕ್ಕೊಮ್ಮೆ ಮಾತ್ರೆಯ ಶಕ್ತಿ ಅರ್ಧವಾಗುತ್ತದೆ, ಡಾಕ್ಟರು ಹೇಳುವವರೆಗೆ ಮಗುವನ್ನು ಎತ್ತಿಕೊಳ್ಳಬಾರದು ಎಂದಿದ್ದರು ಆಸ್ಪತ್ರೆಯಲ್ಲಿ.

ಭಾವ ಬಡಗಿ. ಏನು ವಿವರಿಸಬೇಕಾದರೂ ಅವರಿಗೆ ಮರದ ತುಂಡು ಬೇಕು. ಅಕ್ಕನಿಗೆ ಧೈರ್ಯ ಬರಲೆಂದು ಬಾಗಿಲಾಚೆ ಕೂತು ಒಂದು ಮರದ ಪಟ್ಟಿಯನ್ನು ಅರ್ಧಕ್ಕೆ ಕೊಯ್ದರು. ಆ ಅರ್ಧವನ್ನು ಮತ್ತೆ ಅರ್ಧ ಮಾಡಿದರು. ಕೊನೆಗೆ ಗರಗಸಕ್ಕೇ ಸಿಗದಷ್ಟು ಸಣ್ಣ ಚೂರು ಉಳಿಯಿತು.

"ನೋಡೇ, ಹೇಗೆ ಕರಗಿಹೋಯ್ತು!"

"ಕರಗಿದ್ದೆಲ್ಲಿ? ಇದರಲ್ಲೂ ಅರ್ಧ ಉಳಿಯುತ್ತಲ್ಲ. ಅಂದ್ರೆ ಇದು ಮುಗಿಯೋದೇ ಇಲ್ಲ," ಎಂದಳು ಅಕ್ಕ.

ಭಾವ ಮರದ ಹೊಟ್ಟು ಗುಡಿಸಿಕೊಂಡು ಎದ್ದರು.

ಇನ್ನು ಮಗುವನ್ನು ಎತ್ತಿಕೊಳ್ಳಬಹುದು ಎಂದು ಡಾಕ್ಟರು ಹೇಳಿದ ಮೇಲೆ ಅಕ್ಕ ಹೊರಗೆ ಬಂದಳು. ಅಡುಗೆ ಮಾಡಿದಳು, ಭಾವನ ಜೊತೆ ಜಗಳವನ್ನೂ ಆಡಿದಳು. ಮಗುವನ್ನು ಮಾತ್ರ ಮುಟ್ಟಲಿಲ್ಲ. ಅದು ಅಂಬೆಗಾಲಿಟ್ಟು ಬಂದರೆ ಕಾಲು ಮೇಲೆಳೆದುಕೊಳ್ಳುವಳು. ಒಂದು ಬೆಳಿಗ್ಗೆ ಮಗು ನನ್ನ ಮೂಗು ಹಿಡಿದು "ಅಮ್ಮ" ಎಂದಿತು. ಅಕ್ಕ ಒಲೆಯ ಕಡೆ ತಿರುಗಿಕೊಂಡಳು. ನನಗೆ ಎಲ್ಲಾದರೂ ಓಡಿಹೋಗಬೇಕು ಅನಿಸಿತು.

ಎರಡು ತಿಂಗಳಾದ ಮೇಲೆ ತಪಾಸಣೆಗೆ ಎಲ್ಲರೂ ಹೋದೆವು. ವಿಕಿರಣ ಅಳೆಯುವ ಕೋಣೆಯಲ್ಲಿದ್ದ ಮೇಡಂ ಅಕ್ಕನ ಕತ್ತಿನ ಮುಂದೆ ಮೀಟರ್ ಹಿಡಿದರು. ಟಿಕ್... ಟಿಕ್.

"ಕೇಳಿಸ್ತಾ? ಇನ್ನೂ ಇದೆ," ಎಂದು ಅಕ್ಕ ಸೆರಗು ಕಚ್ಚಿದಳು.

"ಇದು ಲೆಕ್ಕಕ್ಕೇ ಇಲ್ಲಮ್ಮ," ಎಂದರು ಮೇಡಂ. ಆ ಮಾತು ಅಕ್ಕನ ಕಿವಿಗೇ ಬೀಳಲಿಲ್ಲ.

ಹೊರಗಿನವರ ಮುಂದೆ ನನಗೆ ಮಾತೇ ಬರುವುದಿಲ್ಲ. ಮಗುವಿನ ತಲೆಯ ಹಿಂದೆ ಮುಖ ಅಡಗಿಸಿಕೊಂಡು, "ನನಗೂ ಹಿಡೀತೀರಾ?" ಎಂದೆ.

"ಅಬ್ಬಾ, ನಮ್ಮ ಮೌನಗೌರಿ ಮಾತಾಡಿದಳು!" ಎಂದರು ಭಾವ.

ಮೀಟರ್ ನನ್ನ ಕತ್ತಿಗೆ ಬಂತು. ಟಿಕ್... ಟಿಕ್. ಮೇಡಂ ಅದನ್ನು ಬರೀ ಗೋಡೆಗೆ ಹಿಡಿದಾಗಲೂ ಅಷ್ಟೇ.

"ಒಂದೊಂದು ಟಿಕ್ ಅಂದ್ರೆ ಎಲ್ಲೋ ಒಂದು ಪರಮಾಣು ಬದಲಾಯ್ತು ಅಂತ," ಎಂದರು ಮೇಡಂ. "ಮಣ್ಣಲ್ಲಿ, ಗೋಡೇಲಿ, ನಮ್ಮೆಲ್ಲರ ಮೈಯಲ್ಲಿ ಅದು ನಡೀತಾನೇ ಇರುತ್ತೆ. ನಿಮ್ಮ ಮಾತ್ರೇದು ಬಹುಪಾಲು ಮೂತ್ರದಲ್ಲೇ ಹೋಗಿದೆ. ಉಳಿದಿದ್ದನ್ನ ಈ ಗೋಡೆಯ ಟಿಕ್‌ನಿಂದ ಬೇರೆ ಮಾಡಿ ಹೇಳೋಕೂ ಆಗಲ್ಲ."

ಅಕ್ಕ ನನ್ನ ಕಡೆ ನೋಡಿದಳು. "ಹಾಗಾದ್ರೆ ಇವಳು ಎತ್ಕೊಂಡ್ರೂ, ನಾನು ಎತ್ಕೊಂಡ್ರೂ..."

"ಎರಡೂ ಒಂದೇ, ತಾಯಿ."

ಅಕ್ಕ ಕೈ ಚಾಚಿದಳು. ನಾನು ಮಗುವನ್ನು ಕೊಟ್ಟೆ. ಅದು ಅವಳ ಮುಖ ನೋಡಿ ಕಿಟಾರನೆ ಕಿರುಚಿ ನನ್ನ ಕಡೆಗೇ ಬಾಗಿತು. ಅಕ್ಕನ ಹಿಡಿತ ಸಡಿಲವಾಗುತ್ತಿರುವುದು ಕಂಡಿತು. ನಾನು ಕಣ್ಣೆದುರಿಗಿದ್ದರೆ ಮಗು ಅವಳಲ್ಲಿ ನಿಲ್ಲುವುದಿಲ್ಲ ಅನಿಸಿತು.

ಸರಕ್ಕನೆ ಹೊರಗೆ ಬಂದು ಬಾಗಿಲ ಮರೆಗೆ ಸರಿದೆ. ಭಾವ ಹಿಂದೆಯೇ ಬಂದರು. "ಮಗು ನಿನ್ನನ್ನೇ ಕೇಳ್ತಿದೆ, ಬಾರೇ."

"ಸುಮ್ನಿರಿ ಭಾವ. ಇನ್ನು ಸ್ವಲ್ಪ ಅಳಲಿ."

ಒಳಗೆ ಅಕ್ಕ ಏನೋ ಗುನುಗುತ್ತಿದ್ದಳು. ಮಗುವಿನ ಅಳು ಇಳಿದು ಬರೀ ಬಿಕ್ಕಳಿಕೆಯಾಗುವವರೆಗೆ ನಾನು ಬಾಗಿಲ ಮರೆಯಲ್ಲೇ ನಿಂತೆ.