ಹಟ್ಟಿಯಾಚೆಯ ಮುಳ್ಳುಬೇಲಿ

ನಮ್ಮ ಗೊಲ್ಲರಹಟ್ಟಿಯೊಳಗೆ ಕೋಳಿ ಕಾಲಿಡುವಂತಿಲ್ಲ, ದೇವರಿಗೆ ಆಗುವುದಿಲ್ಲ. ಅದಕ್ಕೇ ನಮ್ಮಕ್ಕ ಭಾಗ್ಯ ಹಟ್ಟಿಯ ಬೇಲಿಯಾಚೆ, ತೆಂಗಿನ ತೋಟದ ಅಂಚಿನಲ್ಲಿ ಕೋಳಿಗೂಡು ಕಟ್ಟಿಕೊಂಡಿದ್ದಳು. ಗಂಡ ತೀರಿಕೊಂಡ ಮೇಲೆ ಅವಳು ಶೆಟ್ಟಿಕೆರೆಯಿಂದ ತಂದದ್ದು ಒಂದು ಮಂಕರಿ ತುಂಬ ಕೋಳಿ ಮಾತ್ರ. ಈ ಮನೆಯಲ್ಲಿ ನನ್ನದು ಎಂದು ಅವಳು ಹೇಳಬಹುದಾದದ್ದು ಅಷ್ಟೇ.

ಚಳಿಗಾಳಿ ತಗುಲದಿರಲಿ ಎಂದು ನಮ್ಮ ಕಡೆ ತೆಂಗಿನಕಾಯಿ ಸುಲಿದ ಮಟ್ಟೆಯ ಗುಡ್ಡೆಗೆ ಒರಗಿಸಿಯೇ ಗೂಡು ಕಟ್ಟುತ್ತಾರೆ. ಅಕ್ಕನೂ ಹಾಗೇ ಕಟ್ಟಿದ್ದಳು.

ಹಾಡಹಗಲೇ ಮುಂಗುಸಿ ಒಂದೊಂದನ್ನೇ ಎಳೆದುಕೊಂಡು ಹೋಯಿತು. ಕಡೆಗೆ ಉಳಿದದ್ದು ಕಾವಿಗೆ ಕೂತ ಕೆಂಪು ಹ್ಯಾಟೆಕೋಳಿ. ಮೊಟ್ಟೆಯೊಳಗಿಂದ ಮರಿ ಕುಕ್ಕುವ ಸದ್ದು ಶುರುವಾಗಿತ್ತು. ಅಕ್ಕ ದೊಣ್ಣೆ ಹಿಡಿದು ಅಲ್ಲೇ ಕೂತಳು, ಊಟಕ್ಕೂ ಏಳಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಒಳಗೆ ಕುರಿಗಳಿಗೆ ಆಳೆತ್ತರದ ಮುಳ್ಳುಬೇಲಿ, ಎರಡು ನಾಯಿ. ಹೊರಗೆ ಇವಳಿಗೆ ಒಂದು ಗರಿ ತಡಿಕೆ. ಮೊಟ್ಟೆ ಸಮೇತ ಹ್ಯಾಟೆಯನ್ನು ಮಂಕರಿಯಲ್ಲಿಟ್ಟು, ಬಟ್ಟೆ ಮುಚ್ಚಿ, ಹಟ್ಟಿಯೊಳಗೇ ಒಯ್ಯಲು ಹೊರಟೆ.

ಬೇಲಿ ಬಾಗಿಲಲ್ಲಿ ಹಟ್ಟಿಯ ಯಜಮಾನ, ನಮ್ಮ ತಾತ ಗೊಲ್ಲರಪ್ಪ ಅಡ್ಡ ನಿಂತಿದ್ದ. ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು, ಅಳೆದು ಮಾತಾಡಲು ಬರುವುದಿಲ್ಲ. ಬಾಯಿಗೆ ಬಂದದ್ದು ಬೈದೆ. ನಿನ್ನ ದೇವರೇ ಬಂದು ಕಾವಲು ಕೂರಲಿ ಎಂದೆ. ನಾನು ದಣಿಯುವವರೆಗೂ ಅವನು ಕೋಲೂರಿ ಕಾದ.

"ಕೋಳಿ ಒಳಕ್ಕೆ ಬರಬಾರ್ದು ಅಂದಿದ್ದು ನಿಜ ಕಣ್ಲಾ. ಹೊರಗೆ ಅದಕ್ಕೊಂದು ಬೇಲಿ ಹಾಕ್ಬ್ಯಾಡ ಅಂತ ಯಾವನ್ಲಾ ಅಂದ?"

ಬೇಲಿ ಎಂದರೆ ಒಳಗಿನವರಿಗೆ ಎಂದುಕೊಂಡೇ ಬೆಳೆದವರು ನಾವು. ಹೊರಗೂ ಒಂದು ಬೇಲಿ ಹಾಕಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ. ಅವನಿಗೆ ಹೊಳೆದಿದ್ದರೆ ಮೊದಲೇ ಏಕೆ ಹೇಳಲಿಲ್ಲ?

ಮಂಕರಿಯನ್ನು ಮರದ ನೆರಳಿಗಿಟ್ಟು, ಮುಂಗುಸಿ ಎಲ್ಲಿಂದ ಬರುತ್ತದೆಂದು ನೋಡಲು ಅಕ್ಕನೂ ನಾನೂ ಮಟ್ಟೆ ಗುಡ್ಡೆ ಕೆದಕಿದೆವು. ಅಡಿಯಲ್ಲಿ ಬಿಲ, ಬಿಲದ ಬಾಯಲ್ಲಿ ಪುಕ್ಕದ ರಾಶಿ. ಅಕ್ಕ ಒಂದು ಪುಕ್ಕ ಎತ್ತಿಕೊಂಡಳು.

"ಇದು ನಮ್ಮ ಚುಕ್ಕೆ ಕೋಳಿದು. ಕಳ್ಳನ ಗೋಡೆಗೇ ಒರಗ್ಸಿ ಗೂಡು ಕಟ್ಟಿದ್ನಲ್ಲೋ."

ಗುಡ್ಡೆಯಿಂದ ದೂರ, ಬಯಲಲ್ಲಿ, ನಾಲ್ಕು ಕಲ್ಲಿನ ಮೇಲೆ ಹೊಸ ಗೂಡು ಎತ್ತಿದೆವು. ತೂರಿ ಬರದಂತೆ ಸುತ್ತ ಸಣ್ಣ ಕಣ್ಣಿನ ಜಾಲರಿ ಹಾಕಿ, ತೋಡಿ ಬರದಂತೆ ಅದರ ಅಂಚನ್ನು ಮಣ್ಣಲ್ಲಿ ಹೂತು, ಹ್ಯಾಟೆಯ ಮಂಕರಿಯನ್ನು ಒಳಗಿಟ್ಟೆವು. ತಾತ ಕಾರೆಮುಳ್ಳು ಕಡಿದು ತಂದ. ಗೂಡು ಮುಟ್ಟಲಿಲ್ಲ, ದೂರದಿಂದಲೇ ಕವೆಗೋಲಿನಲ್ಲಿ ಮುಳ್ಳು ದೂಡಿ ಬೇಲಿ ಕಟ್ಟಿದ. ಹೊತ್ತು ಮುಳುಗುವ ಮೊದಲು ಮೈಲಿಗೆ ಕಳೆಯಲೆಂದು ಮೈಮೇಲೆ ನೀರು ಸುರಿದುಕೊಂಡು ಹಟ್ಟಿಯೊಳಗೆ ಹೋದ. ಆ ನೀರಿನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ.

ಬೆಳಗ್ಗೆ ಹೋದಾಗ ಹೆಜ್ಜೆ ಗುರುತು ಕಾಣಲೆಂದು ಬೇಲಿಯ ಸುತ್ತ ನಾವು ಚೆಲ್ಲಿದ್ದ ಬೂದಿಯಲ್ಲಿ ಮುಂಗುಸಿಯ ಹೆಜ್ಜೆ ಸುತ್ತು ಹಾಕಿ ವಾಪಸು ಹೋಗಿತ್ತು. ಒಳಗೆ ಹ್ಯಾಟೆಯ ರೆಕ್ಕೆಯಡಿಯಿಂದ ಒದ್ದೆ ಮರಿಗಳು ಇಣುಕುತ್ತಿದ್ದವು. ಅಕ್ಕ ನುಚ್ಚು ಚೆಲ್ಲಿದಳು.

ತಾತ ಆಚೆಯೇ ನಿಂತು, ಸಡಿಲವಾಗಿದ್ದ ಒಂದು ಮುಳ್ಳನ್ನು ಕವೆಗೋಲಿನಿಂದ ಒತ್ತಿದ.