ಮೂವತ್ತು ಹೆಜ್ಜೆ

ಫಾರೆಸ್ಟ್ ಗಾರ್ಡ್ ಚಂದ್ರಕುಮಾರ್ ಮೀನಿನ ಮುಳ್ಳಿನಂಥ ಏರಿಯಲ್ಲನ್ನು ತಲೆಯ ಮೇಲೆತ್ತಿ ಹೊಲದ ಕಡೆಗೊಮ್ಮೆ, ಕಾಡಿನ ಕಡೆಗೊಮ್ಮೆ ತಿರುಗಿಸಿದ. ಕಿವಿಗೊತ್ತಿಕೊಂಡಿದ್ದ ರಿಸೀವರ್ ಸೊಂಯ್ ಎನ್ನುತ್ತಿತ್ತು, ಅಷ್ಟೆ.

"ಟಿಕ್ ಅಂತಿಲ್ಲ ಕಣ್ರಪ್ಪ. ಪಟ್ಟಿ ಆನೆ ದೂರ ಓಗ್ಬುಟ್ಟದೆ."

"ಅಂಗಾದ್ರೆ ಚಟ್ಟ ಎತ್ತನ. ಒತ್ತು ಮುಳುಗ್ತದೆ."

ಅರಣ್ಯ ಇಲಾಖೆಯ ಆನೆ ಕಾವಲುಗಾರ ಚಿಕ್ಕಮಾದಯ್ಯನ ಹೆಣ ಚಾಮರಾಜನಗರದ ಆಸ್ಪತ್ರೆಯಿಂದ ಭೀಮನಬೀಡಿಗೆ ಬರುವಷ್ಟರಲ್ಲಿ ನಾಲ್ಕು ದಾಟಿತ್ತು. ಗುಂಡಿ ತೋಡಿದ್ದು ದಿಬ್ಬದಾಚೆ, ಕಾಡಂಚಿನ ಅವನದೇ ಹುರುಳಿ ಹೊಲದಲ್ಲಿ. ಅವನನ್ನು ತುಳಿದ ಆನೆಯ ಕೊರಳಲ್ಲಿ ರೇಡಿಯೊ ಪಟ್ಟಿಯಿತ್ತು. ಅದು ಹತ್ತಿರವಿದ್ದರೆ ರಿಸೀವರಿನಲ್ಲಿ ಟಿಕ್ ಟಿಕ್ ಕೇಳಬೇಕು. ಹನ್ನೆರಡು ವರ್ಷ ಆ ಸದ್ದು ಕೇಳಿಯೇ ಊರನ್ನು ಎಚ್ಚರಿಸಿದವನಿಗೆ ತನ್ನ ಬೆನ್ನ ಹಿಂದಿನ ಆನೆ ಹೇಗೆ ಕೇಳಿಸಲಿಲ್ಲ? ಚಪ್ಪರದಡಿಯಲ್ಲಿ ಕಾರಣಗಳಿಗೇನೂ ಬರವಿರಲಿಲ್ಲ.

"ಕುಡ್ದಿದ್ನಂತೆ."

"ಅವ್ನೆಲ್ಲಿ ಕುಡ್ದಾನು! ಎಲಡ್ಕೆ ಆಕುದ್ರೇ ತಲೆ ಸುತ್ತುತದೆ ಅನ್ನೋನು," ಎಂದು ದೊಡ್ಡಮಲ್ಲಮ್ಮ ಸತ್ತವನ ಪರ ವಹಿಸಿದಳು. "ಗೊರಕೆ ಒಡೀತಾ ಬಿದ್ದಿರ್ಬೇಕು, ಅಷ್ಟೇಯ."

ಚಟ್ಟಕ್ಕೆ ಹೆಗಲು ಕೊಡಲು ಬಗ್ಗಿದ್ದ ಜೀಪು ಡ್ರೈವರ್ ಶಿವಸ್ವಾಮಿಗೆ ಮಾತ್ರ ನಿಜವಾದ ಕಾರಣ ಗೊತ್ತಿತ್ತು. ರಿಸೀವರ್ ಕಿವುಡಾಗಿತ್ತು. ಮಾಡಿದವನು ಅವನೇ.

*

ಜೀಪಿನ ವೈರ್‌ಲೆಸ್ಸಿನಲ್ಲಿ ಮಾತಾಡಬೇಕೆಂದರೆ ರಿಸೀವರಿನಿಂದ ಮೂವತ್ತು ಹೆಜ್ಜೆ ಆಚೆ ಹೋಗಬೇಕು. ಇದು ಚಿಕ್ಕಮಾದಯ್ಯನ ಕಾನೂನು. ನಿಂತಲ್ಲೆಲ್ಲ ತಾನೇ ಹೆಜ್ಜೆ ಎಣಿಸಿ ಕಲ್ಲಿಡುತ್ತಿದ್ದ. ಆಮೇಲೂ ನಂಬಿಕೆ ಸಾಲದೆ ಏರಿಯಲ್ಲಿನ ವೈರು ಕಿತ್ತು, ರಿಸೀವರನ್ನು ಟವೆಲ್ಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಳ್ಳುತ್ತಿದ್ದ.

"ಬಾಣಂತಿ ಕಣ್ಲಾ ಇವಳು. ಕಾಡೊಳಗಿನ್ ಪಿಸುಮಾತ ಕೇಳೋ ಕಿವಿ. ಮಗ್ಗುಲಲ್ಲೇ ನಿನ್ ಸೆಟ್ಟು ಅರಚುದ್ರೆ ಕಿವಿ ಒಡ್ದೋಯ್ತದೆ."

"ಸುಂದ್ರಕ್ಕನ್ಗೆ ಏಳ್ತೀನಿ ತಾಳು, ಮಾದಯ್ಯಣ್ಣ ಕಾಡಲ್ಲಿ ಇನ್ನೊಂದ್ ಬಾಣಂತನ ಮಾಡ್ತಾವ್ನೆ ಅಂತ."

"ಏಳ್ಲಾ. ನನ್ಗೂ ಇಷ್ಟು ಮಾಡ್ನಿಲ್ಲ ಅಂತ ಆಗ್ಲೇ ಬೈದವಳೆ."

ಮೊನ್ನೆ ಸಂಜೆ ಹನಿ ಬೀಳುತ್ತಿತ್ತು. ಮಾದಯ್ಯ ನೀರು ಕುಡಿಯಲು ಬೋರ್‌ವೆಲ್ಲಿನ ಕಡೆ ಹೋಗಿದ್ದ. ರಿಸೀವರ್ ಏರಿಯಲ್ಲಿನ ವೈರಿನ ಸಮೇತ ಡ್ರೈವರ್ ಪಕ್ಕದ ಸೀಟಿನಲ್ಲೇ ಇತ್ತು. ವೈರ್‌ಲೆಸ್ ಕರೆಯಿತು. ಎಲ್ಲಿದ್ದೀಯಾ ಎಂಬ ಪ್ರಶ್ನೆಗೆ ಉತ್ತರ ಕೊಡಲು ಮೂವತ್ತು ಹೆಜ್ಜೆ ಜೀಪು ಓಡಿಸುವುದೇ? ಶಿವಸ್ವಾಮಿ ಕೂತಲ್ಲೇ ಗುಂಡಿಯೊತ್ತಿ, "ಇಲ್ಲೇ ಇವ್ನಿ," ಎಂದ. ರಿಸೀವರಿನ ಟಿಕ್ ಟಿಕ್ ಅಲ್ಲಿಗೇ ನಿಂತಿತು.

ಮಾದಯ್ಯ ಮರಳಿ ಬಂದಾಗ ಅವನು ಬಹಳ ಶ್ರದ್ಧೆಯಿಂದ ಗಾಜು ಒರೆಸುತ್ತಿದ್ದ.

"ಏನ್ಲಾ, ಸದ್ದಿಲ್ಲ?"

"ಆನೆ ಓಯ್ತೇನೋ ಕಣಣ್ಣ."

ಬೈಗುಳಕ್ಕೆ ಹೆದರಿ ಆಡಿದ ಮಾತು. ನಾಳೆ ಹೇಳಿದರಾಯಿತು ಎಂದುಕೊಂಡ. ಮರುದಿನ ಬೆಳಕು ಹರಿಯುವಾಗಲೇ ಮಾದಯ್ಯ ಆ ಮಾತನ್ನು ನಂಬಿ, ಅದೇ ರಿಸೀವರ್ ಹಿಡಿದು ಹುರುಳಿ ಹೊಲಕ್ಕೆ ಒಬ್ಬನೇ ಹೋಗಿದ್ದ.

*

"ಎತ್ಲಾ ಸ್ವಾಮಿ, ಏನ್ ನೋಡ್ತಾ ನಿಂತ್ಕಂಡೆ?"

ಚಟ್ಟದ ಹಿಂದೆ ಅರವತ್ತು ಎಪ್ಪತ್ತು ಜನ, ಅರ್ಧ ಹೆಂಗಸರು.

"ಎತ್ಬೇಡಿ." ತನ್ನ ದನಿ ಶಿವಸ್ವಾಮಿಗೇ ಅಪರಿಚಿತವಾಗಿತ್ತು. "ಆ ರಿಸೀವರ್ ಕೆಟ್ಟದೆ. ಆನೆ ಪಕ್ಕದಲ್ಲಿದ್ರೂ ಉಸ್ರೆತ್ತಲ್ಲ. ಅದ್ರ ಮಗ್ಗುಲಲ್ಲೇ ಸೆಟ್ ಒತ್ಬುಟ್ಟೆ ನಾನು. ಏಳ್ನಿಲ್ಲ. ಅಕ್ಕಾ... ಮಾದಯ್ಯಣ್ಣ ಕುಡ್ದಿರ್ನಿಲ್ಲ. ನಿದ್ದೆನೂ ಮಾಡಿರ್ನಿಲ್ಲ."

ಸುಂದ್ರಮ್ಮ ಗಂಡನ ಪಾದದಿಂದ ಕೈ ತೆಗೆಯದೆ ತಲೆಯೆತ್ತಿದಳು.

"ಒಂದ್ ಮಾತು ಏಳಿದ್ರೆ ಏನಾಗ್ತಿತ್ತಲಾ? ಬೈತಿದ್ದ. ಬೈದು, ಉಣ್ಣಕ್ಕೆ ಕರೀತಿದ್ದ."

ಯಾರೂ ಅವನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು.

ಚಂದ್ರಕುಮಾರ್ ಹೊಲದ ಕಡೆ ನೋಡಲು ಮನೆಯ ತಾರಸಿ ಹತ್ತಿದ. ಹತ್ತಿದವನು ಕೈಯಾಡಿಸಿ ಕರೆದ. ಶಿವಸ್ವಾಮಿಯೂ ಹತ್ತಿದ.

ದಿಬ್ಬದಾಚೆ, ತೋಡಿದ ಗುಂಡಿಯ ಅಂಚಿನಲ್ಲಿ ಆನೆ ನಿಂತಿತ್ತು. ಕೊರಳ ಪಟ್ಟಿ ಇಲ್ಲಿಂದಲೇ ಕಾಣುತ್ತಿತ್ತು. ಚಂದ್ರಕುಮಾರನ ಕೈಯಲ್ಲಿ ರಿಸೀವರ್ ಸೊಂಯ್ ಎನ್ನುತ್ತಲೇ ಇತ್ತು. ಮಾದಯ್ಯನ ಮೇಲೆ ಹಾಕಲೆಂದು ಗುಡ್ಡೆ ಮಾಡಿದ್ದ ಹಸಿ ಕೆಮ್ಮಣ್ಣನ್ನು ಆನೆ ಸೊಂಡಿಲಿನಲ್ಲಿ ಬಾಚಿ ಬಾಚಿ, ಆತುರವಿಲ್ಲದೆ, ತನ್ನ ಬೆನ್ನಿಗೆ ಎರಚಿಕೊಳ್ಳುತ್ತಿತ್ತು.